ಜೀರುಂಡೆಯಲ್ಲ, ಕೊಡತಿ: ಐರ್ಲೆಂಡಿನ ಹಳೆ ಹರಾಜು ಪಟ್ಟಿಯಲ್ಲಿನ ಅಗಸೆ ಮತ್ತು ಕುದುರೆ ಸಾಮಾನು

ಪ್ರಶ್ನೆ: ನಾನು ಧಾರವಾಡದವಳು, ನಿವೃತ್ತ ಶಿಕ್ಷಕಿ. ನನ್ನ ಸೊಸೆಯ ತವರು ಉತ್ತರ ಐರ್ಲೆಂಡಿನ ಆಂಟ್ರಿಮ್ ಸೀಮೆ. ಅವಳ ಮುತ್ತಜ್ಜನ ಹೊಲಮನೆ ಸುಮಾರು ನೂರು ವರ್ಷದ ಹಿಂದೆ ಹರಾಜಾಯಿತಂತೆ. ಆಗ ಕೈಯಲ್ಲಿ ಬರೆದ ಸಾಮಾನಿನ ಪಟ್ಟಿ ಸಿಕ್ಕಿದೆ. ಮೊಮ್ಮಕ್ಕಳಿಗಾಗಿ ಅದನ್ನು ಕನ್ನಡದಲ್ಲಿ ಬರೆದಿಡಬೇಕು ಅಂತಿದ್ದೇನೆ. ಆದರೆ ನಿಘಂಟು ಕೈ ಕೊಡುತ್ತಿದೆ. ‘ರಿಪಲ್’ ಅಂದರೆ ಅಲೆ, ‘ಬೀಟಲ್’ ಅಂದರೆ ಜೀರುಂಡೆ, ‘ಸಾಕ್’ ಅಂದರೆ ಕಾಲುಚೀಲ, ‘ಫಿಡಲ್’ ಅಂದರೆ ಪಿಟೀಲು ಅನ್ನುತ್ತದೆ. ಬ್ರೇಕ್, ಸ್ವಿಂಗಲ್, ಹ್ಯಾಕಲ್, ಲಿಂಟ್ ಹೋಲ್, ಹೇಮ್ಸ್, ಸ್ವಿಂಗಲ್‌ಟ್ರೀ, ಸ್ಲೈಪ್, ಥ್ರಾ-ಹುಕ್ ಅಂತೆಲ್ಲ ಇವೆ. ‘ಬ್ರೇಕ್’ ಎರಡು ಕಡೆ ಬಂದಿದೆ, ಬೆಲೆ ಬೇರೆ ಬೇರೆ. ಅಟ್ಟದ ಸಾಮಾನಿನ ಪಕ್ಕದಲ್ಲಿ ‘ಹಳೆಯವು’ ಅಂತ ಬರೆದಿದೆ. ಕುದುರೆ ಒಂದೇ ಇದೆ, ಸ್ವಿಂಗಲ್‌ಟ್ರೀ ಮಾತ್ರ ಮೂರು, ಯಾಕೆ? ಥ್ರಾ-ಹುಕ್‌ನ ಮುಂದಿನ ಸಾಲಿನ ಒಂದು ಪದ ಮಸಿ ಬಿದ್ದು ಓದಲಾಗುತ್ತಿಲ್ಲ, ಆ ಪುಟದ ಫೋಟೋ ಕಳಿಸುತ್ತೇನೆ. ಇವೆಲ್ಲ ಏನು? ಕನ್ನಡದಲ್ಲಿ ಏನಂತ ಬರೆಯಲಿ?

ಉತ್ತರ: ಅಕ್ಕೋರೇ, ನಿಮ್ಮ ಪಟ್ಟಿಯಲ್ಲಿ ಜೀರುಂಡೆ, ಕಾಲುಚೀಲ, ಪಿಟೀಲು ಯಾವುದೂ ಇಲ್ಲ. ಇರುವುದೆಲ್ಲ ಹೊಲದ್ದು, ಕೊಟ್ಟಿಗೆಯದ್ದು. ನಿಘಂಟನ್ನು ಬೈಯಬೇಡಿ. ಪೇಟೆ ಇಂಗ್ಲಿಷಿಗೆ ಮಾಡಿದ ನಿಘಂಟಿನಲ್ಲಿ ಈ ಪದಗಳು ಸಿಗುವುದು ಕಷ್ಟ. ಅದೂ ಅಲ್ಲದೆ ಆಂಟ್ರಿಮ್ ಕಡೆಯ ಮಾತು ಬರೀ ಇಂಗ್ಲಿಷ್ ಅಲ್ಲ. ಹದಿನೇಳನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದವರ ನುಡಿ ಅದರೊಳಗೆ ಚೆನ್ನಾಗಿ ಬೆರೆತಿದೆ.

ಇಂಥ ಪಟ್ಟಿ ಓದಲು ನಾನು ಬಳಸುವ ಉಪಾಯ ಒಂದೇ. ಪದವನ್ನು ಒಂಟಿಯಾಗಿ ಹಿಡಿಯಬಾರದು. ಅದರ ಮೇಲಿನ ಸಾಲಿನಲ್ಲಿ ಏನಿದೆ, ಕೆಳಗಿನ ಸಾಲಿನಲ್ಲಿ ಏನಿದೆ ನೋಡಬೇಕು. ಹರಾಜಿನವರು ಅಟ್ಟ ಹತ್ತಿ, ಕೊಟ್ಟಿಗೆ ಸುತ್ತಿ, ಅಂಗಳದಲ್ಲಿ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡವರು. ಒಂದು ಕೆಲಸದ ಸಾಮಾನು ಒಂದೇ ಕಡೆ ಬಿದ್ದಿರುತ್ತದೆ. ಹಾಗಾಗಿ ನೆರೆಯ ಸಾಲು ಗೊತ್ತಾದರೆ ಪದದ ಕೆಲಸ ಗೊತ್ತಾಗುತ್ತದೆ. ನಿಮ್ಮ ಎರಡು ‘ಬ್ರೇಕ್’ಗಳ ಗುಟ್ಟೂ ಇದರಲ್ಲೇ ಇದೆ. ಅಲ್ಲಿಗೆ ಬರುತ್ತೇನೆ.

ಮೊದಲು ಅಗಸೆ. ನಿಮ್ಮ ಕಡೆ ಅಗಸಿ ಹಿಂಡಿ ಮಾಡುತ್ತಾರಲ್ಲ, ಅದೇ ಗಿಡ. ಆದರೆ ನಾವು ಅದನ್ನು ಬೀಜಕ್ಕೆ, ಎಣ್ಣೆಗೆ ಬೆಳೆದೆವು. ಅವರು ನಾರಿಗೆ ಬೆಳೆದರು. ಬೀಜದ ಅಗಸೆ ಗಿಡ್ಡ, ಕವಲು ಜಾಸ್ತಿ. ನಾರಿನ ತಳಿ ಮೂರಡಿ ಮೀರಿ ನೆಟ್ಟಗೆ ಬೆಳೆಯುತ್ತದೆ. ಕವಲು ಒಡೆಯದಿರಲಿ ಅಂತ ಬೀಜವನ್ನು ಒತ್ತೊತ್ತಾಗಿ ಚೆಲ್ಲುತ್ತಿದ್ದರು. ಏಪ್ರಿಲ್‌ನಲ್ಲಿ ಬಿತ್ತನೆ, ಸುಮಾರು ನೂರು ದಿನಕ್ಕೆ ಕೈಗೆ. ಕುಡುಗೋಲು ಮುಟ್ಟಿಸುವಂತಿಲ್ಲ. ನಾರು ಬೇರಿನಿಂದ ತುದಿವರೆಗೂ ಹರಿದಿರುತ್ತದೆ. ಕೊಯ್ದರೆ ಅಷ್ಟುದ್ದ ನಾರು ನೆಲದಲ್ಲೇ ಉಳಿಯುತ್ತದೆ. ಅದಕ್ಕೇ ಬೇರು ಸಮೇತ ಕಿತ್ತು, ಜೊಂಡಿನ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಸಿವುಡಿಗೆ ಅಲ್ಲಿ ‘ಬೀಟ್’ ಅಂತ ಹೆಸರು. ನಿಮ್ಮ ಕಾಗದಗಳಲ್ಲಿ ಎಲ್ಲಾದರೂ ‘ನಾನೂರು ಬೀಟ್’ ಅಂತ ಕಂಡರೆ ಬೀಟ್‌ರೂಟ್ ಅಂದುಕೊಳ್ಳಬೇಡಿ.

ಇನ್ನು ‘ಲಿಂಟ್’. ನೀವು ಹತ್ತಿ ಸೀಮೆಯವರು. ಅಲ್ಲಿ ಲಿಂಟ್ ಅಂದರೆ ಬೀಜ ತೆಗೆದ ಅರಳೆ. ಸ್ಕಾಟ್ಲೆಂಡ್ ಮತ್ತು ಆಂಟ್ರಿಮ್‌ನಲ್ಲಿ ಲಿಂಟ್ ಅಂದರೆ ಅಗಸೆಯೇ. ಹೊಲದಲ್ಲಿ ನಿಂತ ಗಿಡವೂ ಲಿಂಟ್, ಅದರ ನಾರೂ ಲಿಂಟ್. ‘ಲಿಂಟ್ ಹೋಲ್’ ಅಂದರೆ ಅಗಸೆ ಕೊಳೆಹಾಕುವ ಹೊಂಡ. ಕೆಲವರು ಲಿಂಟ್ ಡ್ಯಾಮ್ ಅಂತಲೂ ಬರೆಯುತ್ತಾರೆ. ನಾರು ಇರುವುದು ಕಾಂಡದ ಸಿಪ್ಪೆಯಲ್ಲಿ. ಒಳಗಿರುವುದು ಕಟ್ಟಿಗೆಯಂಥ ತಿರುಳು. ಎರಡನ್ನೂ ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿದರೆ ಮಾತ್ರ ನಾರು ಬಿಡುತ್ತದೆ. ಆ ಕೆಲಸವನ್ನು ನೀರಲ್ಲಿರುವ ಬ್ಯಾಕ್ಟೀರಿಯಾ ಮಾಡುತ್ತವೆ. ಸಿವುಡುಗಳನ್ನು ಹೊಂಡದಲ್ಲಿ ಜೋಡಿಸಿ ಮೇಲೆ ಕಲ್ಲು ಹೇರಿ, ಹವೆಯ ಬಿಸಿ ನೋಡಿಕೊಂಡು ಎಂಟರಿಂದ ಹದಿನಾಲ್ಕು ದಿನ ಬಿಡುತ್ತಿದ್ದರು. ಇದಕ್ಕೆ ಇಂಗ್ಲಿಷಿನಲ್ಲಿ ರೆಟ್ಟಿಂಗ್ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಪುಂಡಿ ನಾರಿಗೆ ಮಾಡುತ್ತಿದ್ದದ್ದೂ ಇದನ್ನೇ. ‘ಕೊಳೆಹಾಕುವುದು’ ಅಂತಲೇ ಬರೆಯಿರಿ. ನಾರಿನ ಕೆಲಸ ಕಂಡವರಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಒಂದು ದಿನ ಹೆಚ್ಚಾದರೆ ನಾರೂ ಕೊಳೆಯುತ್ತದೆ, ಒಂದು ದಿನ ಕಡಿಮೆಯಾದರೆ ತಿರುಳು ಬಿಡುವುದಿಲ್ಲ. ಹೊಂಡದಿಂದ ಒಂದು ಕಡ್ಡಿ ಎಳೆದು ಮುರಿದು ನೋಡುತ್ತಿದ್ದರು. ತಿರುಳು ಸಲೀಸಾಗಿ ಈಚೆ ಬಂದರೆ ಹದ ಬಂತು ಅಂತ ಲೆಕ್ಕ. ಆಮೇಲೆ ಗಂಡಸರು ಸೊಂಟದ ಮಟ್ಟ ಆ ನೀರಿಗಿಳಿದು ಸಿವುಡು ಎತ್ತಿ ದಂಡೆಗೆ ಎಸೆಯಬೇಕು. ನಾತ ಊರಿಗೆಲ್ಲ ಹಬ್ಬುತ್ತಿತ್ತು. ಆ ನೀರು ಹೊಳೆಗೆ ಬಿಟ್ಟರೆ ಮೀನು ಸಾಯುತ್ತವೆ. ಇದು ಹಳೇ ತಕರಾರು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲೇ, ದನ ನೀರು ಕುಡಿಯುವ ಹೊಳೆ-ಹಳ್ಳಗಳಲ್ಲಿ ಅಗಸೆ, ಸೆಣಬು ನೆನೆಹಾಕಬಾರದು ಅಂತ ಕಾನೂನು ಮಾಡಿದ್ದರು. ತಮಾಷೆ ಏನಂದರೆ, ಅದೇ ರಾಜ 1533ರಲ್ಲಿ ಪ್ರತಿ 60 ಎಕರೆ ಉಳುಮೆ ಜಮೀನಿಗೆ ಕಾಲು ಎಕರೆ ಅಗಸೆಯನ್ನೋ ಸೆಣಬನ್ನೋ ಬಿತ್ತಲೇಬೇಕು ಅಂತಲೂ ಕಾನೂನು ಮಾಡಿದ್ದ. ಬೆಳೆಯದಿದ್ದರೆ ದಂಡ, ಹೊಳೆಯಲ್ಲಿ ನೆನೆಸಿದರೂ ದಂಡ. ರೈತನ ಪಾಡು ಎಲ್ಲ ಕಡೆ ಒಂದೇ ಅಲ್ವಾ?

ಹೊಂಡದಿಂದ ತೆಗೆದದ್ದನ್ನು ಹುಲ್ಲುಗಾವಲಿನಲ್ಲಿ ತೆಳ್ಳಗೆ ಹರಡಿ ಒಣಗಿಸುತ್ತಿದ್ದರು. ಅದನ್ನು ‘ಗ್ರಾಸಿಂಗ್’ ಅನ್ನುತ್ತಿದ್ದರು. ದನ ಮೇಯಿಸುವ ಗ್ರೇಸಿಂಗ್ ಬೇರೆ. ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಹುಷಾರಾಗಿರಿ.

ಈಗ ನಿಮ್ಮ ಪಟ್ಟಿಯ ಅಟ್ಟದ ಭಾಗ. ರಿಪಲ್, ಬೀಟಲ್ ಎರಡು, ಬ್ರೇಕ್ ಒಂದು, ಸ್ವಿಂಗಲ್, ಹ್ಯಾಕಲ್ ಎಲ್ಲವೂ ಒಟ್ಟಿಗೆ ಬಂದಿವೆ. ಪಕ್ಕದಲ್ಲಿ ‘ಹಳೆಯವು’ ಅಂತ ಬರೆದಿದೆ ಅಂತ ನೀವೇ ಹೇಳಿದ್ದೀರಿ. ಅದು ಮುಖ್ಯ. 1920ರ ಹೊತ್ತಿಗೆ ಅಲ್ಲಿ ಈ ಕೆಲಸವೆಲ್ಲ ಗಿರಣಿಗೆ ಹೋಗಿಯಾಗಿತ್ತು. ಮನೆಯ ಕೈಸಾಮಾನು ಧೂಳು ಹಿಡಿದು ಅಟ್ಟದಲ್ಲಿ ಬಿದ್ದಿತ್ತು. ಅದಕ್ಕೇ ಬೆಲೆ ಪುಡಿಗಾಸು.

ರಿಪಲ್ ಅಂದರೆ ಕಬ್ಬಿಣದ ಹಲ್ಲುಗಳ ಸಾಲು. ಅದನ್ನು ಹಲಗೆಗೆ ಬಿಗಿದಿರುತ್ತಾರೆ. ಅಗಸೆಯ ತಲೆಯನ್ನು ಅದರ ಮೇಲೆ ಬಡಿದು ಎಳೆದರೆ ಬೀಜದ ಕಾಯಿ ಕಿತ್ತು ಕೆಳಗಿನ ಬಟ್ಟೆಗೆ ಬೀಳುತ್ತವೆ. ‘ಕಾಯಿ ಬಿಡಿಸುವ ಬಾಚಣಿಗೆ’ ಅನ್ನಬಹುದು. ಆ ಕಾಯಿಗೆ ‘ಬೋಲ್’ ಅನ್ನುತ್ತಾರೆ. ಹತ್ತಿಯ ಬೋಲ್ ನಿಮಗೆ ಗೊತ್ತೇ ಇದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈಜಿಪ್ಟಿನ ಆಲಿಕಲ್ಲು ಮಳೆಯ ಪ್ರಸಂಗ ಬರುತ್ತದೆ. ಅಲ್ಲಿ ಅಗಸೆ ‘ಬೋಲ್ಡ್’ ಆಗಿತ್ತು ಅಂತ ಬರೆದಿದ್ದಾರೆ. ಧೈರ್ಯದ ಬೋಲ್ಡ್ ಅಲ್ಲ, ಕಾಯಿ ಕಟ್ಟಿತ್ತು ಅಂತ. ಐರ್ಲೆಂಡಿನಲ್ಲಿ ಬಹಳ ಜನ ಬೀಜ ಬಿಡಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಬಿತ್ತನೆ ಬೀಜ ಹಡಗಿನಲ್ಲಿ ಬರುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಅಮೆರಿಕದಿಂದ, ಬಾಲ್ಟಿಕ್ ತೀರದ ರೀಗಾದಿಂದ.

ಬೀಟಲ್ ಅಂದರೆ ಕೊಡತಿ. ಇದಕ್ಕಿಂತ ಸರಿಯಾದ ಕನ್ನಡ ಪದ ಬೇಡವೇ ಬೇಡ. ಮರದ ದಪ್ಪ ತಲೆ, ಒಂದು ಹಿಡಿ. ಹಳೆ ಇಂಗ್ಲಿಷಿನಲ್ಲಿ ಬಡಿಯುವುದು ಅನ್ನೋ ಬೇರಿನಿಂದ ಬಂದದ್ದು. ಜೀರುಂಡೆಯ ಬೀಟಲ್ ಕಚ್ಚುವುದು ಅನ್ನೋ ಬೇರಿನಿಂದ ಬಂದದ್ದು. ಕಾಲ ಸವೆದು ಎರಡೂ ಒಂದೇ ಥರ ಆಗಿವೆ, ಅಷ್ಟೇ. ಅಗಸೆ ನಾರಿನಿಂದ ನೇಯ್ದ ಲಿನನ್ ಬಟ್ಟೆಗೆ ಹೊಳಪು ಬರಲಿ ಅಂತ ಸಾಲು ಮರದ ದಿಮ್ಮಿಗಳಿಂದ ಗಂಟೆಗಟ್ಟಲೆ ಕುಟ್ಟುವುದಕ್ಕೂ ಬೀಟ್ಲಿಂಗ್ ಅಂತಲೇ ಹೆಸರು. ಟೈರೋನ್ ಸೀಮೆಯ ಕುಕ್ಸ್‌ಟೌನ್ ಹತ್ತಿರ ವೆಲ್‌ಬ್ರುಕ್ ಅನ್ನೋ ಕಡೆ ಅಂಥ ಒಂದು ನೀರಿನ ಗಿರಣಿಯನ್ನು ಕಾಪಾಡಿ ಇಟ್ಟಿದ್ದಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆ ಜಾಗ. ಕಿವಿ ಮುಚ್ಚಿಕೊಳ್ಳಬೇಕು.

ಅಟ್ಟದ ಮೇಲಿನ ‘ಬ್ರೇಕ್’ ನೋಡಲು ದೊಡ್ಡ ಮರದ ಅಡಕತ್ತರಿ. ಕಾಲು ಇರುವ ಚೌಕಟ್ಟಿನ ಮೇಲೆ ಮರದ ಅಲಗುಗಳು ನಿಂತಿರುತ್ತವೆ. ಮೇಲಿನ ದವಡೆಯ ಅಲಗುಗಳು ಅವುಗಳ ಸಂದಿಗೆ ಸರಿಯಾಗಿ ಬೀಳುತ್ತವೆ. ಒಂದು ಕೈಯಲ್ಲಿ ಒಣ ಅಗಸೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ದವಡೆ ಎತ್ತಿ ಹಾಕುವುದು. ಪಟಪಟ ಸದ್ದಿಗೆ ಒಳಗಿನ ತಿರುಳು ಮುರಿದು ಚೂರಾಗುತ್ತದೆ, ನಾರು ಮಾತ್ರ ಬಾಗುತ್ತದೆ, ತುಂಡಾಗುವುದಿಲ್ಲ. ಆ ಚೂರಿಗೆ ಶೈವ್, ಶೋವ್, ಬೂನ್ ಅಂತ ಊರಿಗೊಂದು ಹೆಸರು. ಕನ್ನಡದಲ್ಲಿ ‘ಸಿಬರು’ ಸಾಕು.

ಸಿಬರು ಪೂರ್ತಿ ಉದುರಿರುವುದಿಲ್ಲ. ಅರ್ಧ ನಾರಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಉದುರಿಸುವ ಕೆಲಸವೇ ಸ್ವಿಂಗ್ಲಿಂಗ್, ಇನ್ನೊಂದು ಹೆಸರು ಸ್ಕಚಿಂಗ್. ನೆಟ್ಟಗೆ ನಿಂತ ಒಂದು ಹಲಗೆ. ಅದರ ಅಂಚಿನ ಮೇಲಿಂದ ಒಂದು ಹಿಡಿ ನಾರನ್ನು ಇಳಿಬಿಡಬೇಕು. ಸ್ವಿಂಗಲ್ ಅಂದರೆ ಮರದ ಚಪ್ಪಟೆ ಕತ್ತಿ. ಅದರಿಂದ ಹಲಗೆಗೆ ಒರಸಿದ ಹಾಗೆ ಮೇಲಿಂದ ಕೆಳಗೆ ಬೀಸಬೇಕು. ಅಡ್ಡ ಹೊಡೆದರೆ ನಾರು ಕಡಿಯುತ್ತದೆ. ಕತ್ತಿಯ ಅಂಚು ಮೊಂಡಾಗಿರುವುದು ಅದಕ್ಕೇ. ಹತ್ತಾರು ಏಟಿಗೆ ನಾರು ಬೆಳ್ಳಗೆ ನುಣ್ಣಗೆ ಜೋತಾಡುತ್ತದೆ, ಕಾಲಡಿ ಸಿಬರಿನ ರಾಶಿ. ಆ ಸಿಬರು ಒಲೆಗೆ ಹೋಗುತ್ತಿತ್ತು.

ಹದಿನೆಂಟನೇ ಶತಮಾನದಲ್ಲೇ ಇದಕ್ಕೆ ನೀರಿನ ಚಕ್ರದ ಗಿರಣಿ ಬಂತು. ಒಂದು ಅಚ್ಚಿಗೆ ಮರದ ಅಲಗು ಜೋಡಿಸಿ ಗಿರಗಿರ ತಿರುಗಿಸುವುದು, ಆಳು ಎದುರು ನಿಂತು ನಾರು ಒಡ್ಡುವುದು. ಕೆಲಸ ಬೇಗ ಆಗುತ್ತಿತ್ತು, ಆದರೆ ಅಪಾಯವೂ ಹಾಗೇ. ತಿರುಳು ಮುರಿಯುವ ರೋಲರಿಗೆ ಕೈ ಸಿಕ್ಕಿದರೆ ಹೋಯಿತು. ಒಣ ಧೂಳಿಗೆ ಕಿಡಿ ತಗುಲಿದರೆ ಗಿರಣಿಯೇ ಹೋಯಿತು. ಆ ಧೂಳಿಗೆ ‘ಪೌಸ್’ ಅನ್ನುತ್ತಿದ್ದರು. ಅದು ಎದೆಗೆ ಹೊಕ್ಕು ದಮ್ಮು ಹಿಡಿದವರನ್ನು ‘ಪೌಸಿ’ ಅನ್ನುತ್ತಿದ್ದರು. ಹಳೆ ಪತ್ರಗಳಲ್ಲಿ ಯಾರಾದರೂ ‘ಪೌಸಿ’ ಆಗಿ ಕೆಲಸ ಬಿಟ್ಟರು ಅಂತ ಇದ್ದರೆ ಅದನ್ನು ಅಡ್ಡಹೆಸರು ಅಂತ ದಾಟಿಸಬೇಡಿ. ಅದು ಕಾಯಿಲೆಯ ಸುದ್ದಿ. ಬೆಲ್‌ಫಾಸ್ಟ್ ಹತ್ತಿರ ಕಲ್ಟ್ರಾದಲ್ಲಿರುವ ಅಲ್ಸ್ಟರ್ ಫೋಕ್ ಮ್ಯೂಸಿಯಂನಲ್ಲಿ ಇಂಥ ಒಂದು ಗಿರಣಿಯನ್ನು ತಂದು ನಿಲ್ಲಿಸಿದ್ದಾರೆ.

ಕೊನೆಯದು ಹ್ಯಾಕಲ್. ಹೆಕಲ್, ಹ್ಯಾಚಲ್, ಹೆಚಲ್ ಅಂತಲೂ ಬರೆಯುತ್ತಾರೆ. ಗಟ್ಟಿ ಮರದ ತುಂಡಿನಲ್ಲಿ ಒತ್ತಾಗಿ ನೆಟ್ಟ ಉಕ್ಕಿನ ಮುಳ್ಳುಗಳು. ಒಂದೊಂದೂ ಬೆರಳುದ್ದ, ತುದಿ ಸೂಜಿಯಷ್ಟು ಚೂಪು. ಅಟ್ಟದಿಂದ ಇಳಿಸುವಾಗ ಕೈಗೆ ಚುಚ್ಚದಿರಲಿ ಅಂತ ಮೇಲೆ ಮರದ ಮುಚ್ಚಳ ಹಾಕಿರುತ್ತಿದ್ದರು. ಮೊದಲು ವಿರಳ ಮುಳ್ಳಿನದ್ದು, ಆಮೇಲೆ ದಟ್ಟ ಮುಳ್ಳಿನದ್ದು. ನಾರಿನ ಹಿಡಿಯನ್ನು ಅದರ ಮೇಲೆ ಬೀಸಿ ಎಳೆದರೆ ಉದ್ದ ಎಳೆ ಕೈಯಲ್ಲಿ ಉಳಿಯುತ್ತದೆ, ತುಂಡು ಎಳೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಉದ್ದದ್ದು ‘ಲೈನ್’. ಒಳ್ಳೆ ಬಟ್ಟೆಗೆ ಅದು. ತುಂಡು ‘ಟೋ’. ಗೋಣಿ, ಹಗ್ಗ, ಒರಟು ಬಟ್ಟೆಗೆ ಅದು. ಕೆದರಿದ ಬಿಳಿಹಳದಿ ಕೂದಲಿನ ಮಗುವನ್ನು ಟೋ-ಹೆಡ್ ಅನ್ನುವುದು ಇದರಿಂದಲೇ. ನಿಮ್ಮ ಮೊಮ್ಮಕ್ಕಳಿಗೆ ಅಮ್ಮನ ಕೂದಲು ಬಂದಿದ್ದರೆ ಅಲ್ಲಿನ ಅಜ್ಜಿ ಹಾಗೆ ಕರೆದಿರಲಿಕ್ಕೂ ಸಾಕು.

ಹ್ಯಾಕಲ್ ಕೆಲಸ ಕಸುಬುದಾರರದ್ದು. ಕವಿ ರಾಬರ್ಟ್ ಬರ್ನ್ಸ್ 1781ರಲ್ಲಿ ಇದನ್ನೇ ಕಲಿಯಲು ಸ್ಕಾಟ್ಲೆಂಡಿನ ಅರ್ವಿನ್ ಊರಿಗೆ ಹೋಗಿದ್ದ. ಹೊಸ ವರ್ಷದ ಮೋಜಿನಲ್ಲಿ ಅಂಗಡಿಗೆ ಬೆಂಕಿ ಬಿದ್ದು ಕಸುಬು ಅಲ್ಲಿಗೇ ಮುಗಿಯಿತು. ಡಂಡೀ ಪಟ್ಟಣದ ಹೆಕ್ಲರುಗಳು ರಾಜಕೀಯದಲ್ಲಿ ಬಲು ಜೋರು. ಭಾಷಣಕಾರರನ್ನು ಪ್ರಶ್ನೆ ಹಾಕಿ ಗೋಳಾಡಿಸುತ್ತಿದ್ದರು. ಸಭೆಯಲ್ಲಿ ಅಡ್ಡಮಾತು ಎಸೆಯುವವರನ್ನು ಇವತ್ತಿಗೂ ಹೆಕ್ಲರ್ ಅನ್ನುವುದು ಅವರಿಂದ.

ಪಟ್ಟಿಯಲ್ಲಿ ಅಡುಗೆಮನೆ ಸಾಮಾನಿನ ನಡುವೆ ‘ವೀಲ್’ ಅಂತ ಕಂಡರೆ ಅದು ನೂಲುವ ರಾಟೆ. ಗಾಡಿಯ ಚಕ್ರ ಅಡುಗೆಮನೆಯಲ್ಲಿ ಇರುವುದಿಲ್ಲವಲ್ಲ. ಇಲ್ಲೊಂದು ಉಪಯೋಗದ ಮಾತು. 1796ರಲ್ಲಿ ಐರ್ಲೆಂಡಿನ ಲಿನನ್ ಮಂಡಳಿ ಅಗಸೆ ಬಿತ್ತಿದವರಿಗೆ ರಾಟೆ ಬಹುಮಾನ ಕೊಟ್ಟಿತು. ಕಾಲು ಎಕರೆಗೆ ಒಂದು ರಾಟೆ, ಎಕರೆಗೆ ನಾಲ್ಕು, ಐದು ಎಕರೆ ಬಿತ್ತಿದರೆ ಮಗ್ಗ. ಪಡೆದವರ ಹೆಸರಿನ ಪಟ್ಟಿ ಉಳಿದಿದೆ, ಸುಮಾರು 60,000 ಹೆಸರು. 1922ರಲ್ಲಿ ಡಬ್ಲಿನ್ ದಾಖಲೆ ಕಚೇರಿ ಸುಟ್ಟುಹೋಗಿ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಎಲ್ಲ ನಾಶವಾಯಿತು. ಹಾಗಾಗಿ ಮನೆತನ ಹುಡುಕುವವರಿಗೆ ಈ ರಾಟೆ ಪಟ್ಟಿಯೇ ದೊಡ್ಡ ಆಸರೆ. ಸೊಸೆಯ ಮನೆಹೆಸರು, ಊರು ಹಾಕಿ ಹುಡುಕಿಸಿ ನೋಡಿ.

ನಿಮ್ಮ ಊರಿಗೂ ಈ ಕಥೆಗೂ ಒಂದು ನಂಟಿದೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಯಿತು. ಆಗ ಒಂದು ಕಡೆ ಐರ್ಲೆಂಡಿನ ಲಿನನ್‌ಗೆ ಬೇಡಿಕೆ ಏರಿ, ಎಲ್ಲಿ ನೋಡಿದರೂ ಅಗಸೆ ಬಿತ್ತಿದರು. ಇನ್ನೊಂದು ಕಡೆ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಬೀಗರಿಬ್ಬರ ಹೊಲವೂ ಒಂದೇ ಯುದ್ಧದಿಂದ ಬದಲಾಗಿದ್ದವು ಅಂತ ಬರೆದರೆ ಸುಳ್ಳಾಗುವುದಿಲ್ಲ.

ಈಗ ಕೊಟ್ಟಿಗೆಗೆ ಬರೋಣ. ಸ್ವಿಂಗಲ್ ಅಟ್ಟದಲ್ಲಿತ್ತು, ಸ್ವಿಂಗಲ್‌ಟ್ರೀ ಕುದುರೆ ಸಾಮಾನಿನ ಜೊತೆ ಇದೆ. ಹೆಸರು ನೋಡಿ ಎರಡನ್ನೂ ಗಂಟು ಹಾಕಬೇಡಿ. ‘ಟ್ರೀ’ ಅಂದರೆ ಇಲ್ಲಿ ಗಿಡವಲ್ಲ, ಮರದ ತೊಲೆ. ಗಾಡಿಯ ಅಚ್ಚಿಗೂ ಹಳೆ ಮಾತಿನಲ್ಲಿ ಆಕ್ಸಲ್‌ಟ್ರೀ ಅನ್ನುತ್ತಿದ್ದರು. ಸ್ವಿಂಗಲ್‌ಟ್ರೀ ಅಂದರೆ ಕುದುರೆಯ ಹಿಂದೆ ಅಡ್ಡಲಾಗಿ ತೂಗುವ ಒಂದು ಕೋಲು, ಸುಮಾರು ಎರಡೂವರೆ ಅಡಿ. ಎರಡು ತುದಿಗೆ ಕೊಕ್ಕೆ, ನಡುವೆ ಒಂದು ಬಳೆ. ಕುದುರೆಯ ಎರಡು ಪಕ್ಕದಿಂದ ಬರುವ ಸರಪಳಿ ತುದಿಯ ಕೊಕ್ಕೆಗೆ, ನಡುವಿನ ಬಳೆ ನೇಗಿಲಿಗೆ. ಕುದುರೆ ನಡೆಯುವಾಗ ಒಂದು ಹೆಗಲು ಮುಂದೆ, ಒಂದು ಹಿಂದೆ. ಸರಪಳಿಯನ್ನು ನೇರವಾಗಿ ನೇಗಿಲಿಗೆ ಬಿಗಿದರೆ ಹೆಜ್ಜೆಹೆಜ್ಜೆಗೂ ನೇಗಿಲು ಆಚೀಚೆ ಎಳೆಯುತ್ತದೆ, ಕುದುರೆಯ ಹೆಗಲು ಹುಣ್ಣಾಗುತ್ತದೆ. ತೂಗುಕೋಲು ನಡುವೆ ಇದ್ದರೆ ಅದು ಕುದುರೆಯ ಜೊತೆ ಓಲಾಡುತ್ತದೆ, ನೇಗಿಲು ನೇರವಾಗಿ ಹೋಗುತ್ತದೆ.

ಎರಡು ಕುದುರೆ ಹೂಡಿದರೆ ಎರಡು ಸ್ವಿಂಗಲ್‌ಟ್ರೀ, ಅವೆರಡನ್ನೂ ಹಿಡಿದ ಒಂದು ದೊಡ್ಡ ಕೋಲು. ಮೂರು ಕುದುರೆಯಾದರೆ ದೊಡ್ಡ ಕೋಲಿನ ತೂತು ನಡುವೆ ಇರುವುದಿಲ್ಲ. ಎರಡು ಕುದುರೆಯ ಕಡೆಗೆ ಸರಿದಿರುತ್ತದೆ. ಒಂಟಿ ಕುದುರೆಯ ಕಡೆ ಕೋಲು ಎರಡು ಪಟ್ಟು ಉದ್ದ. ಹಾಗಾದರೆ ಮಾತ್ರ ಮೂರಕ್ಕೂ ಸಮ ಭಾರ. ಶಾಲೆಯಲ್ಲಿ ಸನ್ನೆಗೋಲಿನ ಪಾಠ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದನ್ನು ‘ನೊಗ’ ಅಂತ ಮಾತ್ರ ಬರೆಯಬೇಡಿ. ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಇದು ಕುದುರೆಯನ್ನು ಮುಟ್ಟುವುದೇ ಇಲ್ಲ. ‘ಎಳೆಗೋಲು’ ಅಂತ ನಾನು ಬರೆಯುತ್ತೇನೆ, ಮೊದಲ ಸಲ ಬಂದಾಗ ಒಂದು ಸಾಲು ವಿವರಣೆ ಕೊಟ್ಟು.

ಹಾಗಾದರೆ ಕುದುರೆಯ ಹೆಗಲಿಗೆ ಏನು? ಅಲ್ಲಿರುವುದು ಹುಲ್ಲು ತುಂಬಿದ ಚರ್ಮದ ಕೊರಳಪಟ್ಟಿ. ಅದರ ಸುತ್ತ ತೋಡಿನಲ್ಲಿ ಕೂರುವ ಬಾಗಿದ ಎರಡು ಮರದ ಅಥವಾ ಕಬ್ಬಿಣದ ಪಟ್ಟಿಗಳೇ ‘ಹೇಮ್ಸ್’. ಸರಪಳಿ ಸಿಕ್ಕಿಸುವುದು ಇವಕ್ಕೆ. ಎತ್ತಿಗೆ ಹಿಣಿಲು ಇದೆ, ನೊಗ ಅದಕ್ಕೆ ಆನುತ್ತದೆ. ಕುದುರೆಗೆ ಹಿಣಿಲಿಲ್ಲ. ಕುತ್ತಿಗೆಗೆ ಬರೀ ಪಟ್ಟಿ ಕಟ್ಟಿ ಎಳೆಸಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಇಷ್ಟೆಲ್ಲ ಸಾಮಾನು. ಹೇಮ್ಸ್ ಜೋಡಿಯಲ್ಲಿ ಎಡಬಲ, ಮೇಲುಕೆಳಗು ಇರುತ್ತದೆ. ತಲೆಕೆಳಗು ಹಾಕಿದರೆ ಎಲ್ಲ ಕೆಡುತ್ತದೆ. ಐರ್ಲೆಂಡಿನವರು ಕೆಲಸ ಕೆಡಿಸಿದವರನ್ನು ‘ಹೇಮ್ಸ್ ಮಾಡಿಬಿಟ್ಟೆ’ ಅಂತ ಈಗಲೂ ಬೈಯುತ್ತಾರೆ. ಸೊಸೆಯನ್ನು ಕೇಳಿ, ಅವಳಿಗೆ ಮಾತು ಗೊತ್ತಿರುತ್ತದೆ, ವಸ್ತು ಗೊತ್ತಿರಲಿಕ್ಕಿಲ್ಲ. ‘ವಿಂಕರ್ಸ್’ ಅಂತ ಇದ್ದರೆ ಕಣ್ಣುಪಟ್ಟಿ. ಜಟಕಾ ಕುದುರೆಗೆ ಕಟ್ಟುತ್ತಿದ್ದರಲ್ಲ, ಅದು.

‘ಸಾಕ್’ ಆರು ಅಂತ ಇದೆ. ನೇಗಿಲಿನ ಕುಳ. ಪೇಟೆ ಇಂಗ್ಲಿಷಿನಲ್ಲಿ ಅದಕ್ಕೆ ‘ಶೇರ್’ ಅನ್ನುತ್ತಾರೆ. ಕಲ್ಲುನೆಲದಲ್ಲಿ ಕುಳ ಬೇಗ ಸವೆಯುತ್ತದೆ, ಆರು ಇಟ್ಟುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕುಳದ ಮುಂದೆ ನೆಟ್ಟಗೆ ಇಳಿದು ಹುಲ್ಲುನೆಲವನ್ನು ಸೀಳುವ ಚೂರಿ ‘ಕೋಲ್ಟರ್’. ಮಣ್ಣನ್ನು ಮಗುಚಿ ಹಾಕುವ ರೆಕ್ಕೆ ‘ಮೋಲ್ಡ್‌ಬೋರ್ಡ್’. ಇವೆರಡೂ ನಮ್ಮ ಮರದ ರಂಟಿಯಲ್ಲಿ ಇರಲಿಲ್ಲ. ನಮ್ಮದು ಮಣ್ಣನ್ನು ಸೀಳುತ್ತಿತ್ತು, ಮಗುಚುತ್ತಿರಲಿಲ್ಲ. ಮಗುಚುವ ಕಬ್ಬಿಣದ ನೇಗಿಲನ್ನು ನಿಮ್ಮ ಕಡೆ ಮಾಡಿದ್ದು ಕಿರ್ಲೋಸ್ಕರರು, 1903ರಲ್ಲಿ, ಬೆಳಗಾವಿಯಲ್ಲಿ. ಹಳೇ ರೈತರ ಮನೆಯಲ್ಲಿ ಒಂದು ಸಿಕ್ಕಿದರೆ ಫೋಟೋ ತೆಗೆದು ಮೊಮ್ಮಕ್ಕಳಿಗೆ ತೋರಿಸಿ. ಆಂಟ್ರಿಮ್ ನೇಗಿಲು ಅರ್ಧ ಅರ್ಥವಾಗುತ್ತದೆ.

ಎರಡನೇ ‘ಬ್ರೇಕ್’ ಇಲ್ಲೇ ಇದೆ. ನೇಗಿಲು, ಹ್ಯಾರೋ, ರೋಲರ್ ಇವುಗಳ ನಡುವೆ. ಬೆಲೆಯೂ ಜಾಸ್ತಿ. ಇದು ಅಗಸೆ ಮುರಿಯುವುದಲ್ಲ. ಹೆಂಟೆ ಒಡೆಯುವ ಭಾರಿ ಹ್ಯಾರೋ, ಅಂದರೆ ಉದ್ದ ಕಬ್ಬಿಣದ ಹಲ್ಲಿನ ಚೌಕಟ್ಟು. ಎರಡೂ ಮುರಿಯುವ ಕೆಲಸದವು, ಹಾಗಾಗಿ ಒಂದೇ ಹೆಸರು. ಇದೇ ಪದ ಸಾರೋಟು, ಜೀನು, ಲಾಂದ್ರದ ಪಕ್ಕದಲ್ಲಿ ಬಂದಿದ್ದರೆ ಮೂರನೇ ಅರ್ಥ ಆಗುತ್ತಿತ್ತು. ಜನ ಕೂರುವ ದೊಡ್ಡ ಕುದುರೆಗಾಡಿಗೂ ಬ್ರೇಕ್ ಅನ್ನುತ್ತಿದ್ದರು. ಹೊಲದ್ದಕ್ಕೆ ‘ಹೆಂಟೆ ಒಡೆಯುವ ಹಲ್ಲುಕುಂಟೆ’ ಅಂತ ಬರೆಯಿರಿ. ಬರೀ ಕುಂಟೆ ಅಂದರೆ ನಮ್ಮ ಕಡೆ ಅಲಗಿನ ಕುಂಟೆ ಕಣ್ಣಿಗೆ ಬರುತ್ತದೆ.

‘ಫಿಡಲ್’ ಬೀಜ ಚೆಲ್ಲುವ ಯಂತ್ರ. ಕೊರಳಿಗೆ ಬಟ್ಟೆಚೀಲ, ಅದರ ಕೆಳಗೆ ತಿರುಗುವ ತಟ್ಟೆ. ತಟ್ಟೆಯ ಅಚ್ಚಿಗೆ ಚರ್ಮದ ದಾರ ಸುತ್ತಿ, ಕಮಾನಿನಂತೆ ಆಚೀಚೆ ಎಳೆದರೆ ತಟ್ಟೆ ಸುತ್ತಿ ಬೀಜ ಸುತ್ತಲೂ ಚಿಮ್ಮುತ್ತದೆ. ಎಡಗಾಲಿಗೆ ಒಂದು ಎಳೆತ, ಬಲಗಾಲಿಗೆ ಒಂದು ಎಳೆತ. ನಡಿಗೆ ತಪ್ಪಿದರೆ ಮೊಳಕೆ ಬಂದಾಗ ಹೊಲವೇ ದೂರು ಹೇಳುತ್ತದೆ. ಓಟ್ಸ್, ಹುಲ್ಲಿನ ಬೀಜ, ಅಗಸೆ ಎಲ್ಲ ಹೀಗೆ ಚೆಲ್ಲಿದ್ದೇ. ಇದನ್ನು ಕೂರಿಗೆ ಅನ್ನಬೇಡಿ. ಕೂರಿಗೆ ಸಾಲಿನಲ್ಲಿ ಬಿತ್ತುತ್ತದೆ. ಇಂಗ್ಲೆಂಡಿನ ಜೆಥ್ರೊ ಟಲ್ 1701ರ ಹೊತ್ತಿಗೆ ಸಾಲುಬಿತ್ತನೆಯ ಯಂತ್ರ ಮಾಡಿದ ಅಂತ ಅವರ ಶಾಲೆಗಳಲ್ಲಿ ಕಲಿಸುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರೈತರ ಕೂರಿಗೆಯನ್ನು ಚಿತ್ರ ಸಮೇತ ಬರೆದಿಟ್ಟ. ನಮ್ಮವರಿಗೆ ಅದು ಆಗಲೇ ಅಜ್ಜನ ಕಾಲದ ಸಾಮಾನು.

‘ಸ್ಲೈಪ್’ ಚಕ್ರವಿಲ್ಲದ ಎಳೆಗಾಡಿ. ಹೊಲದ ಕಲ್ಲು, ನೇಗಿಲು, ಒದ್ದೆ ಅಗಸೆ ಹೇರಿ ಕುದುರೆಯಿಂದ ಎಳೆಸುವುದು. ಕೆಸರಿನಲ್ಲಿ ಚಕ್ರ ಹೂತುಹೋಗುತ್ತದೆ, ಇದು ಜಾರಿಕೊಂಡು ಹೋಗುತ್ತದೆ. ಹೆಚ್ಚೇನಿಲ್ಲ.

ನಿಮ್ಮ ಪಟ್ಟಿಯಲ್ಲಿ ಕುದುರೆ ಒಂದೇ, ಸ್ವಿಂಗಲ್‌ಟ್ರೀ ಮೂರು ಯಾಕೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಅಲ್ಲಿನ ಸಣ್ಣ ಹಿಡುವಳಿದಾರರು ಒಂದೇ ಕುದುರೆ ಸಾಕುತ್ತಿದ್ದರು. ಉಳುಮೆಗೆ ಪಕ್ಕದವರ ಕುದುರೆ ತಂದು ಜೋಡಿ ಮಾಡಿಕೊಳ್ಳುತ್ತಿದ್ದರು. ಮರುದಿನ ತಮ್ಮದನ್ನು ಕಳಿಸುತ್ತಿದ್ದರು. ನಮ್ಮ ಮುಯ್ಯಿ ಪದ್ಧತಿಯೇ. ಹಾಗಾಗಿ ಎರಡು ಸಣ್ಣದು, ಒಂದು ದೊಡ್ಡದು ಸೇರಿ ಮೂರು.

ಈ ಕುದುರೆ ಸಾಮಾನನ್ನೆಲ್ಲ ಅಟ್ಟಕ್ಕೆ ಕಳಿಸಿದವನೂ ಅದೇ ಸೀಮೆಯವನೇ ಅನ್ನಿ. ಪಕ್ಕದ ಡೌನ್ ಸೀಮೆಯ ಹ್ಯಾರಿ ಫರ್ಗೂಸನ್. ಮೂರು ತೋಳಿನಲ್ಲಿ ನೇಗಿಲನ್ನು ಟ್ರ್ಯಾಕ್ಟರಿನ ಹಿಂಬದಿಗೇ ಕೂಡಿಸಿ, ಮೇಲೆ ಕೆಳಗೆ ಆಡಿಸುವ ವ್ಯವಸ್ಥೆ ಅವನದ್ದು. ಆಮೇಲೆ ಎಳೆಗೋಲಿಗೆ ಏನು ಕೆಲಸ? ನಿಮ್ಮ ಊರಿನ ಹೊಲದಲ್ಲಿ ಓಡುವ ಮ್ಯಾಸ್ಸಿ ಫರ್ಗೂಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವ ಫರ್ಗೂಸನ್ ಇವನೇ.

ಬರೆಯುವ ಬಗ್ಗೆ ಕೇಳಿದ್ದೀರಿ. ಕೊಡತಿ, ಕುಳ, ಸಿವುಡು, ಕಣ್ಣುಪಟ್ಟಿ, ರಾಟೆ ಇವಕ್ಕೆ ಕನ್ನಡ ಪದವೇ ಸರಿ. ವಸ್ತು ಅದೇ. ಹ್ಯಾಕಲ್, ರಿಪಲ್, ಹೇಮ್ಸ್, ಸ್ಲೈಪ್ ಇವನ್ನು ಹಾಗೇ ಇಟ್ಟು ಪಕ್ಕದಲ್ಲಿ ಅರ್ಧ ಸಾಲು ವಿವರಣೆ ಕೊಡಿ. ಸಂಸ್ಕೃತದಿಂದ ಹೊಸ ಪದ ಹೊಸೆಯುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ‘ನಾರು ಸಂಸ್ಕರಣಾ ಸಾಧನ’ ಅಂದರೆ ಮಕ್ಕಳು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಪ್ರತಿ ಸಾಮಾನಿಗೂ ಒಂದು ಸಣ್ಣ ಚಿತ್ರ ಬರೆಸಿದರೆ ಇನ್ನೂ ಒಳ್ಳೆಯದು.

ಉಳಿದದ್ದು ‘ಥ್ರಾ-ಹುಕ್’. ಥ್ರಾ ಅಂದರೆ ಆ ಕಡೆಯ ಮಾತಿನಲ್ಲಿ ತಿರುಚುವುದು. ಒಬ್ಬರು ಕೂತು ಹುಲ್ಲು ಕೊಡುತ್ತ ಹೋಗುತ್ತಾರೆ, ಇನ್ನೊಬ್ಬರು ಈ ಕೊಕ್ಕೆಯನ್ನು ತಿರುಗಿಸುತ್ತ ಹಿಂದೆ ಹಿಂದೆ ನಡೆಯುತ್ತಾರೆ. ಹುಲ್ಲಿನ ಹಗ್ಗ ಉದ್ದವಾಗುತ್ತ ಹೋಗುತ್ತದೆ. ಬಣವೆಯ ಮೇಲೆ ಬಿಗಿಯಲು ಆ ಹಗ್ಗ. ‘ಹಗ್ಗ ಹೊಸೆಯುವ ಕೊಕ್ಕೆ’ ಅಂತ ಬರೆಯಿರಿ. ಅದರ ಮುಂದಿನ ಸಾಲಿನಲ್ಲಿ ಒಂದು ಪದ ಮಸಿ ಬಿದ್ದು ಓದಲಾಗುತ್ತಿಲ್ಲ ಅಂದಿದ್ದೀರಿ. ಆ ಪುಟದ ಫೋಟೋ ಕಳಿಸುವಾಗ ಅದೊಂದು ಸಾಲು ಮಾತ್ರ ಬೇಡ, ಮೇಲೆ ಐದು, ಕೆಳಗೆ ಐದು ಸಾಲು ಸೇರಿಸಿ ತೆಗೆಯಿರಿ.